‘ಪಾರಸಿಕರು’ ನಾಟಕದಲ್ಲಿ ನೊಗವೂ ಉಡುಗೆಯೂ

ನೊಗವೆಂದರೇನೆಂಬುದನ್ನು ಮಕ್ತಲದ ಕಡೆಯ ರೈತರ ಮಕ್ಕಳಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಒಂದು ಸೀರೆಯ ಹಿಂದೆ ಎಷ್ಟು ದುಡಿಮೆಯಿದೆಯೆಂಬುದನ್ನು ನಾರಾಯಣಪೇಟೆ, ಗದ್ವಾಲಗಳ ಮಗ್ಗದ ಮನೆಗಳವರು ನಮಗೇ ಹೇಳಿಕೊಡಬಲ್ಲರು. ಈ ಎರಡನ್ನು ಬಲ್ಲವರಿಗೆ ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಒಂದು ಗ್ರೀಕ್ ದುರಂತ ನಾಟಕವು ಪರಕೀಯವೆನಿಸಲಾರದು.

ಅದು ಈಸ್ಕಿಲಸ್ ಮಹಾಕವಿಯ ‘ಪಾರಸಿಕರು’. ಕ್ರಿ. ಪೂ. 472ರಲ್ಲಿ ಅಥೆನ್ಸ್ ನಗರದಲ್ಲಿ ಪ್ರದರ್ಶಿತವಾದ ಇದನ್ನು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ ಕನ್ನಡಕ್ಕೆ ತಂದರು. ಪಾರಸಿಕ ದೊರೆಯಾದ ಕ್ಸರ್ಕ್ಸೀಸನು ಕ್ರಿ. ಪೂ. 480ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಬಂದು, ಅಥೆನ್ಸನ್ನು ಸುಟ್ಟು, ಸಲಾಮಿಸಿನ ನೌಕಾಯುದ್ಧದಲ್ಲಿ ಸೋತುದೇ ಇದರ ವಸ್ತು. ಕವಿಯು ಮ್ಯಾರಥಾನ್ ಕಾಳಗದಲ್ಲಿ ಪಾರಸಿಕರನ್ನು ಸ್ವತಃ ಎದುರಿಸಿದವನು. ಆದರೂ ಗೆದ್ದವರ ಜಯಘೋಷವನ್ನು ಬಿಟ್ಟು, ಸೋತವರ ಅರಮನೆಯ ಮುಂದೆ ತನ್ನ ರಂಗವನ್ನು ಹೂಡಿದನು. ಗ್ರೀಕ್ ವೀರನೊಬ್ಬನ ಹೆಸರೂ ಇದರಲ್ಲಿ ಬರುವುದಿಲ್ಲ. ಮಡಿದ ಪಾರಸಿಕರ ಹೆಸರುಗಳಾದರೋ ಸಾಲುಸಾಲಾಗಿ ಬರುತ್ತವೆ.

ಮೊದಲು ನೊಗವನ್ನು ನೋಡೋಣ. ಕ್ಸರ್ಕ್ಸೀಸನು ಹಡಗುಗಳನ್ನು ಸಾಲಾಗಿ ಕಟ್ಟಿ ಹೆಲೆಸ್ಪಾಂಟ್ ಜಲಸಂಧಿಗೆ ಸೇತುವೆ ಮಾಡಿದನು. ಇದನ್ನು ಕವಿಯು ಕಡಲಿನ ಕೊರಳಿಗೆ ಹೂಡಿದ ನೊಗವೆಂದು ಕರೆಯುತ್ತಾನೆ. ರಾಜಮಾತೆ ಅಟೋಸಾ ಕಂಡ ಕನಸಿನಲ್ಲಿ ಅದೇ ನೊಗ ಮತ್ತೆ ಬರುತ್ತದೆ. ಅವಳ ಮಗನು ಇಬ್ಬರು ಸ್ತ್ರೀಯರನ್ನು ರಥಕ್ಕೆ ಹೂಡುತ್ತಾನೆ. ಪಾರಸಿಕ ಉಡುಗೆಯವಳು ಹೆಮ್ಮೆಯಿಂದಲೇ ತಲೆಬಾಗುತ್ತಾಳೆ, ಗ್ರೀಕ್ ಉಡುಗೆಯವಳು ಕೊಸರಾಡಿ ನೊಗವನ್ನು ನಡುವೆಯೇ ಮುರಿಯುತ್ತಾಳೆ, ದೊರೆ ನೆಲಕ್ಕುರುಳುತ್ತಾನೆ. ಸೋಲಿನ ಸುದ್ದಿ ಬಂದ ಮೇಲೆ ವೃದ್ಧರು, ಅಧಿಕಾರದ ನೊಗ ಸಡಿಲಿತು, ಇನ್ನು ಜನರ ನಾಲಗೆಗೆ ಕಟ್ಟಿಲ್ಲವೆಂದು ಕಳವಳಗೊಳ್ಳುತ್ತಾರೆ. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಕಲಕುವುದು ಆರಂಭದ ಹಾಡಿನಲ್ಲಿ ಬರುವ ಒಂದೇ ಒಂದು ಪದ. ಗಂಡಂದಿರನ್ನು ಯುದ್ಧಕ್ಕೆ ಕಳುಹಿದ ಹೆಂಡಿರನ್ನು ಕವಿ ನೊಗದಲ್ಲಿ ಒಂಟಿಯಾಗಿ ಉಳಿದವರೆಂದಿದ್ದಾನೆ. ಜೋಡಿಯ ಎತ್ತನ್ನು ಕಳೆದುಕೊಂಡ ಒಕ್ಕಲಿಗನಿಗೆ ಈ ಮಾತಿನ ಭಾರವನ್ನು ಯಾವ ಪಂಡಿತನೂ ವಿವರಿಸಬೇಕಾಗಿಲ್ಲ!

ಶತ್ರುವಿನ ದುಃಖವನ್ನು ತನ್ನವರ ಮುಂದೆ ಹಾಡುವುದು ಕನ್ನಡಕ್ಕೆ ಹೊಸದಲ್ಲ. ರನ್ನನ ದುರ್ಯೋಧನನು ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವಾಗ ನಮ್ಮ ಕಣ್ಣು ಹನಿಗೂಡುತ್ತದೆ. ಶ್ರೀಯವರು ಅದೇ ರನ್ನನ ಕಾವ್ಯದಿಂದ 1926ರಲ್ಲಿ ‘ಗದಾಯುದ್ಧ ನಾಟಕಂ’ ರಚಿಸಿದ್ದುದನ್ನು ನೆನೆದರೆ, ಅವರು ಪಾರಸಿಕರತ್ತ ತಿರುಗಿದುದು ಸಹಜವೆಂದೇ ತೋರುತ್ತದೆ.

ಇನ್ನು ಉಡುಗೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನೂ ಸೆರಗನ್ನೂ ಕೂಡಿಸುವ ಗದ್ವಾಲದ ನೇಕಾರನಿಗೆ ಬಟ್ಟೆ ಹರಿಯುವ ಸದ್ದು ಕೇಳಲಾರದ ಸದ್ದು. ಈ ನಾಟಕದಲ್ಲಿ ಅದು ಮರಳಿ ಮರಳಿ ಕೇಳಿಬರುತ್ತದೆ. ಕನಸಿನಲ್ಲಿ ಬಿದ್ದ ಕ್ಸರ್ಕ್ಸೀಸನು, ಮರುಕದಿಂದ ಬಳಿ ನಿಂತ ತಂದೆಯನ್ನು ಕಂಡು ತನ್ನ ಉಡುಪನ್ನು ಹರಿದುಕೊಳ್ಳುತ್ತಾನೆ. ಸಲಾಮಿಸಿನ ದಡದಲ್ಲಿ ತನ್ನವರ ಸಾವನ್ನು ಕಂಡಾಗ ಕನಸು ದಿಟವಾಗುತ್ತದೆ. ಅಟೋಸಾ ಮೊದಲ ಸಲ ರಥವೇರಿ ವೈಭವದಿಂದ ಬಂದವಳು, ಸುದ್ದಿ ಕೇಳಿದ ಮೇಲೆ ಆಡಂಬರವನ್ನೆಲ್ಲ ತೊರೆದು ಕಾಲ್ನಡೆಯಿಂದ ಬರುತ್ತಾಳೆ. ಸಮಾಧಿಯಿಂದೆದ್ದ ಡೇರಿಯಸನ ಪ್ರೇತವು ಮಗನು ಕಡಲನ್ನು ಆಳಿನಂತೆ ಬಂಧಿಸಹೋದ ಗರ್ವವನ್ನು ಕಟುವಾಗಿ ಖಂಡಿಸುತ್ತದೆ. ಆದರೂ ತಂದೆಯಲ್ಲವೇ? ಮಗನ ಬಟ್ಟೆ ಚಿಂದಿಯಾಗಿದೆ, ಒಳ್ಳೆಯ ಉಡುಪನ್ನು ತೆಗೆದುಕೊಂಡು ಎದುರುಗೊಳ್ಳು ಎಂದು ರಾಣಿಗೆ ಹೇಳುತ್ತದೆ. ಅವಳು ಉಡುಪನ್ನು ತರಲು ಒಳಗೆ ಹೋಗುತ್ತಾಳೆ.

ಕೊನೆಗೆ ಕ್ಸರ್ಕ್ಸೀಸನು ಬರುತ್ತಾನೆ. ಮೈಮೇಲೆ ಚಿಂದಿ, ಕೈಯಲ್ಲಿ ಬರಿದಾದ ಬತ್ತಳಿಕೆ. ವೃದ್ಧರೂ ತಮ್ಮ ಬಟ್ಟೆಗಳನ್ನು ಹರಿದುಕೊಂಡು ಅವನೊಡನೆ ಗೋಳಿಡುತ್ತಾರೆ. ಹೊಸ ಉಡುಪನ್ನು ತರಹೋದ ತಾಯಿ ಮಾತ್ರ ಮತ್ತೆ ರಂಗದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ.