ಸೂಲಗಿತ್ತಿ ನರಸಮ್ಮನವರು ಮತ್ತು ಸುರಕ್ಷಿತ ತಾಯ್ತನ



ಬನಶಂಕರಿಯ ಬಡಾವಣೆಗಳಲ್ಲಿ ವಾಸಿಸುವ ತಮಗೆ ಇಂದು ಹೆರಿಗೆಯೆಂದೊಡನೆ ಆಸ್ಪತ್ರೆಯೇ ನೆನಪಿಗೆ ಬರುತ್ತದೆ. ಆದರೆ ತಮ್ಮ ಅಜ್ಜಿಯರ ಕಾಲದಲ್ಲಿ, ಅದರಲ್ಲಿಯೂ ವೈದ್ಯರಾಗಲೀ ದಾದಿಯರಾಗಲೀ ಇಲ್ಲದ ಹಳ್ಳಿಗಳಲ್ಲಿ, ಗರ್ಭಿಣಿಗೆ ಆಸರೆಯಾಗಿದ್ದವಳು ಊರಿನ ಸೂಲಗಿತ್ತಿ. ಅಂತಹ ತಾಯಂದಿರಲ್ಲಿ ನಾಡು ಗೌರವದಿಂದ ಸ್ಮರಿಸುವ ಹೆಸರು ಸೂಲಗಿತ್ತಿ ನರಸಮ್ಮನವರದು.

1920ರಲ್ಲಿ ಜನಿಸಿದ ನರಸಮ್ಮನವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಅಕ್ಷರಾಭ್ಯಾಸದ ಅವಕಾಶ ಅವರಿಗೆ ದೊರೆಯಲಿಲ್ಲ. ವಿವಾಹವು ಬಾಲ್ಯದಲ್ಲಿಯೇ ನೆರವೇರಿತು. ಹೆರಿಗೆ ಮಾಡಿಸುವ ವಿದ್ಯೆಯನ್ನು ಅವರು ತಮ್ಮ ಅಜ್ಜಿಯಿಂದ ಕಲಿತರು. ಸುಮಾರು 70 ವರ್ಷಗಳ ಅವಧಿಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂಬ ಕೀರ್ತಿ ಅವರದು. ಈ ಸೇವೆಗೆ ಅವರು ಪ್ರತಿಫಲವನ್ನು ಬಯಸಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು; 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ, 98ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಇಷ್ಟೊಂದು ಮನೆಗಳವರು ತಮ್ಮ ಮಗಳ, ಸೊಸೆಯ ಪ್ರಾಣವನ್ನು ಅವರ ಕೈಗೆ ಒಪ್ಪಿಸಿದುದೇಕೆ? ಕರೆದಾಗ ಬರುವವರು, ನೋವಿನಲ್ಲಿ ಜೊತೆಗಿರುವವರು, ಬಡವರನ್ನು ದೂರವಿಡದವರು ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಆದರೆ ಒಂದು ಸತ್ಯವನ್ನು ಮರೆಯಬಾರದು. ಹನ್ನೆರಡು ಮಕ್ಕಳನ್ನು ಹೆತ್ತ ಈ ತಾಯಿಯೇ ನಾಲ್ವರನ್ನು ಎಳೆವಯಸ್ಸಿನಲ್ಲಿ ಕಳೆದುಕೊಂಡರು. ಕೈಗುಣ ಎಷ್ಟೇ ಒಳ್ಳೆಯದಿದ್ದರೂ ಹೆರಿಗೆಯ ಬಳಿಕ ಅತಿಯಾದ ರಕ್ತಸ್ರಾವವಾದಲ್ಲಿ ರಕ್ತ ಕೊಡಿಸುವುದು, ಮಗು ಅಡ್ಡವಾಗಿದ್ದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ಮನೆಯಲ್ಲಿ ಸಾಧ್ಯವಿಲ್ಲ. ಆದ್ದರಿಂದ ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಬೇಕು. ಸೂಲಗಿತ್ತಿಯ ಅಕ್ಕರೆಯು ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ಉಳಿಯಬೇಕು.

ಈ ಅಕ್ಕರೆಯನ್ನು ತಾವು ಹೀಗೆ ತೋರಬಹುದು:

1. ಗರ್ಭಿಣಿಯು ಮೊದಲ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವಂತೆ ನೋಡಿಕೊಳ್ಳಿರಿ. ಹೆರಿಗೆಗೆ ಮುನ್ನ ಕನಿಷ್ಠ 4 ಬಾರಿ ತಪಾಸಣೆ ಅವಶ್ಯ.

2. ನಾಲ್ಕನೆಯ ತಿಂಗಳಿನಿಂದ ಪ್ರತಿದಿನ ಕಬ್ಬಿಣಾಂಶದ ಮಾತ್ರೆಯನ್ನು ನೆನಪಿಸಿ ಕೊಡಿರಿ. ಕಾಫಿ, ಚಹಾದೊಡನೆ ಸೇವಿಸಿದರೆ ಅದರ ಪ್ರಯೋಜನ ಕುಗ್ಗುತ್ತದೆ.

3. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಬಾವು, ಜ್ವರ, ಸೆಳವು, ಮಗುವಿನ ಚಲನೆ ಕುಗ್ಗುವುದು - ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

4. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ದೊರೆಯಲಿ. ಆರು ತಿಂಗಳು ತುಂಬುವವರೆಗೆ ಎದೆಹಾಲಷ್ಟೇ ಸಾಕು. ಜೇನು, ಸಕ್ಕರೆ ನೀರು ಬೇಡ.

5. ಹೆರಿಗೆಯ ನಂತರದ 42 ದಿನಗಳಲ್ಲಿಯೂ ಬಾಣಂತಿಯ ಮೇಲೆ ಗಮನವಿರಲಿ. ಮುಂದಿನ ಮಗುವಿಗೆ ಕನಿಷ್ಠ ಮೂರು ವರ್ಷಗಳ ಅಂತರವಿಡುವ ಬಗೆಯನ್ನು ಆರೋಗ್ಯ ಕೇಂದ್ರದಲ್ಲಿ ಪತಿಪತ್ನಿಯರಿಬ್ಬರೂ ಕೇಳಿ ತಿಳಿಯಲಿ.

ತಮ್ಮ ಬೀದಿಯಲ್ಲಿಯೂ ತವರಿನಿಂದ ದೂರವಿರುವ, ಕಟ್ಟಡ ಕೆಲಸಕ್ಕೋ ಮನೆಗೆಲಸಕ್ಕೋ ಹೋಗುವ ಗರ್ಭಿಣಿಯಿರಬಹುದು. ಆಕೆಯನ್ನು ಮಾತನಾಡಿಸಿರಿ, ಆಶಾ ಕಾರ್ಯಕರ್ತೆಗೆ ತಿಳಿಸಿರಿ, ತಪಾಸಣೆಯ ದಿನ ಜೊತೆಯಲ್ಲಿ ಹೋಗಿರಿ. ನರಸಮ್ಮನವರಿಗೆ ಸಲ್ಲಿಸಬಹುದಾದ ನಿಜವಾದ ಗೌರವವು ಇದೇ ಆಗಿದೆ.