ಶರಾವತಿಯ ಹರಿವು ಮತ್ತು ತಂತ್ರಾಂಶದ ಪರವಾನಗಿ

ಲಿಂಗನಮಕ್ಕಿಯಲ್ಲಿ ನಿಂತ ಶರಾವತಿಯ ನೀರು ತಳಕಳಲೆಗೆ ಸಾಗಿ, ಅಲ್ಲಿಂದ ಕೊಳವೆಗಳಲ್ಲಿ ಧುಮುಕಿ ಟರ್ಬೈನುಗಳನ್ನು ತಿರುಗಿಸುತ್ತದೆ. ಹೊರಬಂದ ನೀರನ್ನು ಗೇರುಸೊಪ್ಪದಲ್ಲಿ ಮತ್ತೆ ತಡೆದು 240 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರಕ್ಕೆ ಬಳಸಲಾಗುತ್ತದೆ. ಕೊನೆಗೆ ಅದು ಹೊನ್ನಾವರದ ಬಳಿ ಕಡಲು ಸೇರುತ್ತದೆ. ಮೇಲಿನ ನೀರು ಕೆಳಗೆ ತಾನಾಗಿಯೇ ಬರುತ್ತದೆ. ಕೆಳಗಿನದು ಮೇಲಕ್ಕೆ ತಾನಾಗಿ ಹೋಗದು. ಮುಕ್ತ ತಂತ್ರಾಂಶಗಳ ಪರವಾನಗಿಗಳ ನಡುವಣ ಹೊಂದಾಣಿಕೆಯೂ ಬಹುಮಟ್ಟಿಗೆ ಹೀಗೆಯೇ.

ಗೇರುಸೊಪ್ಪದ ವಿದ್ಯಾರ್ಥಿಗಳು ದೃಷ್ಟಿದೋಷವುಳ್ಳ ಗೆಳೆಯನೊಬ್ಬನಿಗಾಗಿ, ಕನ್ನಡ ಪಠ್ಯಪುಸ್ತಕದ ಪುಟವನ್ನು ಓದಿ ಹೇಳುವ ತಂತ್ರಾಂಶ ರಚಿಸುತ್ತಾರೆಂದು ಭಾವಿಸೋಣ. ಎಲ್ಲವನ್ನೂ ಮೊದಲಿನಿಂದ ಬರೆಯಬೇಕಿಲ್ಲ. ಪುಟದ ಚಿತ್ರದಿಂದ ಅಕ್ಷರ ಗುರುತಿಸಲು ಟೆಸರಾಕ್ಟ್, ಪಠ್ಯವನ್ನು ಧ್ವನಿಯಾಗಿಸಲು ಇಸ್ಪೀಕ್ ಎನ್‌ಜಿ, ಒತ್ತಕ್ಷರಗಳನ್ನು ತೆರೆಯ ಮೇಲೆ ಸರಿಯಾಗಿ ಜೋಡಿಸಲು ಹಾರ್ಫ್‌ಬಜ್ ಎಂಬ ಸಿದ್ಧ ಲೈಬ್ರರಿಗಳಿವೆ. ಮೂರೂ ಉಚಿತ, ಮೂರರ ಮೂಲ ಸಂಕೇತವೂ ಲಭ್ಯ. ಆದರೆ ಮೂರರ ಪರವಾನಗಿ ಬೇರೆ ಬೇರೆ. ಇವನ್ನು ಒಂದೇ ತಂತ್ರಾಂಶವಾಗಿ ಕೂಡಿಸಿ ಇತರ ಶಾಲೆಗಳಿಗೆ ಹಂಚಬಹುದೆ?

ಪರವಾನಗಿ ಏಕೆ ಬೇಕು?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ಅದನ್ನು ಪ್ರತಿ ಮಾಡಿ ಹಂಚುವ ಹಕ್ಕು ಕರ್ತೃವಿನದು. ‘ಮುಕ್ತ’ ಎಂದರೆ ಆ ಹಕ್ಕು ಇಲ್ಲವೆಂದಲ್ಲ. ಕೆಲವು ಷರತ್ತುಗಳ ಮೇಲೆ ಅದನ್ನು ಎಲ್ಲರೊಡನೆ ಹಂಚಿಕೊಳ್ಳಲಾಗಿದೆ ಎಂದರ್ಥ. ಷರತ್ತು ಮುರಿದರೆ ಅನುಮತಿಯೂ ಇಲ್ಲವಾಗುತ್ತದೆ.

ಈ ಪರವಾನಗಿಗಳಲ್ಲಿ ಎರಡು ಮುಖ್ಯ ಬಗೆ. ಮೊದಲನೆಯದು ಉದಾರ ಬಗೆ. ಹಾರ್ಫ್‌ಬಜ್‌ನ ಎಂಐಟಿ ಮಾದರಿಯ ಪರವಾನಗಿ, ಟೆಸರಾಕ್ಟ್‌ನ ಅಪಾಚೆ 2.0 (2004) ಇದಕ್ಕೆ ಸೇರಿದವು. ಕರ್ತೃವಿನ ಹೆಸರು ಮತ್ತು ಪರವಾನಗಿಯ ಪಠ್ಯ ಉಳಿಸಿಕೊಂಡರೆ ಎಲ್ಲಿ ಬೇಕಾದರೂ ಬಳಸಬಹುದು. ಅಪಾಚೆಯಲ್ಲಿ ಪೇಟೆಂಟ್ ಕುರಿತ ಷರತ್ತುಗಳೂ ಇವೆ. ಎರಡನೆಯದು ಹಂಚಿಕೆಯನ್ನು ಕಡ್ಡಾಯ ಮಾಡುವ ಬಗೆ. ಇಸ್ಪೀಕ್ ಎನ್‌ಜಿಯ ಜಿಪಿಎಲ್ ಆವೃತ್ತಿ 3 (2007) ಇಂಥದು. ಇದನ್ನು ಸೇರಿಸಿಕೊಂಡ ತಂತ್ರಾಂಶವನ್ನು ಹಂಚುವಾಗ ಇಡೀ ತಂತ್ರಾಂಶವನ್ನು ಅದೇ ಪರವಾನಗಿಯಡಿ, ಮೂಲ ಸಂಕೇತದೊಡನೆ ಕೊಡಬೇಕು.

ಒಮ್ಮುಖ ಹರಿವು

ಎಂಐಟಿಯ ಸಂಕೇತ ಜಿಪಿಎಲ್‌ಗೆ ಹರಿದು ಬರಬಹುದು. ಅಪಾಚೆ 2.0ರದು ಜಿಪಿಎಲ್ 3ಕ್ಕೆ ಬರಬಹುದು. ಆದ್ದರಿಂದ ನಮ್ಮ ವಿದ್ಯಾರ್ಥಿಗಳ ತಂತ್ರಾಂಶಕ್ಕೆ ತೊಡಕಿಲ್ಲ. ಒಟ್ಟು ತಂತ್ರಾಂಶವನ್ನು ಜಿಪಿಎಲ್ 3ರಡಿ ಹಂಚಬಹುದು. ಆದರೆ ಜಿಪಿಎಲ್ ಸಂಕೇತವನ್ನು ಅಪಾಚೆಯ ಕೆಳಗೆ ತರುವಂತಿಲ್ಲ.

ಈಗ ಅವರು ‘ಜಿಪಿಎಲ್ ಆವೃತ್ತಿ 2 ಮಾತ್ರ’ ಎಂದು ಬರೆದಿರುವ ಇನ್ನೊಂದು ಲೈಬ್ರರಿ ಸೇರಿಸಿದರೆಂದುಕೊಳ್ಳಿ. 1991ರ ಈ ಪರವಾನಗಿ ತನ್ನಲ್ಲಿಲ್ಲದ ಹೆಚ್ಚುವರಿ ನಿರ್ಬಂಧಗಳನ್ನು ಒಪ್ಪುವುದಿಲ್ಲ. ಅಪಾಚೆಯ ಪೇಟೆಂಟ್ ಷರತ್ತು ಅಂಥ ನಿರ್ಬಂಧವೆಂದು ಜಿಪಿಎಲ್ ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅಭಿಪ್ರಾಯಪಟ್ಟಿದೆ. ಜಿಪಿಎಲ್ 3ಕ್ಕೂ ಇದು ಹೊಂದದು. ಎರಡರ ಷರತ್ತುಗಳನ್ನೂ ಒಟ್ಟಿಗೆ ಪಾಲಿಸುವುದು ಅಸಾಧ್ಯ, ಹಂಚಿಕೆ ನಿಲ್ಲಿಸಬೇಕಾಗುತ್ತದೆ. ‘ಆವೃತ್ತಿ 2 ಅಥವಾ ನಂತರದ್ದು’ ಎಂದಿದ್ದರೆ 3ನ್ನು ಆರಿಸಿಕೊಂಡು ಪಾರಾಗಬಹುದು. ಒಂದು ಪದದ ವ್ಯತ್ಯಾಸ, ಪರಿಣಾಮ ಮಾತ್ರ ದೊಡ್ಡದು.

ಕನ್ನಡ ಅಕ್ಷರಶೈಲಿಗಳ ಪಾಠ

ಅಕ್ಷರಶೈಲಿಗಳಲ್ಲೂ ಇದೇ ಪ್ರಶ್ನೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೇದಗೆ ಮತ್ತು ಮಲ್ಲಿಗೆ ಜಿಪಿಎಲ್‌ನಡಿ ಬಂದವು. ರೆಡ್‌ಹ್ಯಾಟ್‌ನ ಲೋಹಿತ್ ಕನ್ನಡವೂ ಮೊದಲು ಜಿಪಿಎಲ್ 2ರಡಿಯಲ್ಲಿತ್ತು. 2011ರಲ್ಲಿ ಅಕ್ಷರಶೈಲಿಗಳಿಗೆಂದೇ ರೂಪಿಸಿದ ಓಎಫ್‌ಎಲ್ 1.1ಕ್ಕೆ ಬದಲಾಯಿತು. ಓಎಫ್‌ಎಲ್ ಅಕ್ಷರಶೈಲಿಯನ್ನು ಯಾವುದೇ ತಂತ್ರಾಂಶದ ಜೊತೆಗಿಟ್ಟು ಹಂಚಬಹುದು. ಆದರೆ ಅದನ್ನು ತಿದ್ದಿದರೆ ಹೊಸ ಶೈಲಿಯೂ ಓಎಫ್‌ಎಲ್‌ನಲ್ಲೇ ಇರಬೇಕು. ಹಾಗಾಗಿ ಜಿಪಿಎಲ್‌ನ ಕೇದಗೆಯಿಂದ ಕೆಲವು ಅಕ್ಷರ ತೆಗೆದು ಈಗಿನ ಲೋಹಿತ್‌ಗೆ ಸೇರಿಸಿ ಹಂಚುವಂತಿಲ್ಲ. ಜೊತೆಗಿಡುವುದು ಬೇರೆ, ಬೆರೆಸುವುದು ಬೇರೆ.

ಹಾಗಾದರೆ ಲೋಹಿತ್‌ನ ಪರವಾನಗಿ ಬದಲಾದದ್ದು ಹೇಗೆ? ಗೇರುಸೊಪ್ಪದ ನೀರನ್ನು ಪಂಪ್ ಮಾಡಿ ಮತ್ತೆ ತಳಕಳಲೆಗೆ ಏರಿಸುವ ಯೋಜನೆಯ ಬಗ್ಗೆ ಓದಿರಬಹುದು. ನೀರನ್ನು ಏರಿಸಲು ಶಕ್ತಿ ಬೇಕು. ಪರವಾನಗಿ ಬದಲಿಸಲು ಕೃತಿಸ್ವಾಮ್ಯ ಹೊಂದಿದ ಎಲ್ಲರ ಒಪ್ಪಿಗೆ ಬೇಕು. ಒಡೆತನ ಒಂದೇ ಕೈಯಲ್ಲಿದ್ದರೆ ಇದು ಸುಲಭ. ನೂರಾರು ಮಂದಿ ಬರೆದ ತಂತ್ರಾಂಶದಲ್ಲಿ ಬಹು ಕಷ್ಟ.

ಶಿಕ್ಷಕರು ಏನು ಮಾಡಬಹುದು?

ಶಾಲೆಯೊಳಗೆ ಬಳಸಿ ನೋಡುವವರೆಗೆ ಇಲ್ಲಿ ಹೇಳಿದ ಪರವಾನಗಿಗಳಿಂದ ಅಡ್ಡಿಯಿಲ್ಲ. ಹಂಚುವಾಗ ಷರತ್ತುಗಳು ಅನ್ವಯಿಸುತ್ತವೆ. ಆದರೆ ಕೊನೆಯಲ್ಲಿ ನೋಡೋಣವೆಂದರೆ ತಡವಾಗುತ್ತದೆ. ಯೋಜನೆಯ ಮೊದಲ ದಿನವೇ ಒಂದು ಪಟ್ಟಿ ತೆರೆಯಿರಿ. ಪ್ರತಿ ಲೈಬ್ರರಿಯ ಹೆಸರು, ಆವೃತ್ತಿ, ಪರವಾನಗಿ, ‘ಮಾತ್ರ’ವೋ ‘ನಂತರದ್ದೂ’ ಆದೀತೋ ಎಂಬುದನ್ನು ಬರೆಸಿ. ಆ ಲೈಬ್ರರಿ ಅವಲಂಬಿಸಿರುವ ಇತರ ಲೈಬ್ರರಿಗಳನ್ನೂ ಸೇರಿಸಿ. ಪರವಾನಗಿಯೇ ಕಾಣದಿದ್ದರೆ ಅನುಮತಿ ಇಲ್ಲವೆಂದೇ ತಿಳಿದು ಕೈಬಿಡಿ. ಹಂಚುವಾಗ ಎಲ್ಲ ಪರವಾನಗಿಗಳ ಪಠ್ಯವನ್ನೂ ಜೊತೆಗಿಡಿ.

ಪ್ರಯೋಗದ ದಾಖಲೆ ಪುಸ್ತಕದಲ್ಲಿ ಬಳಸಿದ ರಾಸಾಯನಿಕಗಳ ಪಟ್ಟಿ ಬರೆಯುವಷ್ಟೇ ಸಹಜವಾಗಿ ಇದೂ ರೂಢಿಯಾಗಬೇಕು. ಆಗ ಒಬ್ಬ ಗೆಳೆಯನಿಗಾಗಿ ಹುಟ್ಟಿದ ತಂತ್ರಾಂಶ ನಾಡಿನ ಎಲ್ಲ ಶಾಲೆಗಳಿಗೂ ಅಡೆತಡೆಯಿಲ್ಲದೆ ಹರಿದೀತು.