ಜಠರ ಕಿರಿದಾದ ಮೇಲೆ

ಹುಣ್ಣಾದ ಜಠರದ ಭಾಗವನ್ನು ಕತ್ತರಿಸಿ ತೆಗೆಯುವುದು ಒಂದು ಕಾಲದಲ್ಲಿ ಸಾಮಾನ್ಯ ಚಿಕಿತ್ಸೆಯಾಗಿತ್ತು. ಹಾಗೆ ಜಠರ ಕಳೆದುಕೊಂಡವರು ಸೊರಗುತ್ತಿದ್ದರು, ಮತ್ತೆ ಮೈ ತುಂಬಿಕೊಳ್ಳಲು ಹೆಣಗುತ್ತಿದ್ದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್ ಇದನ್ನು ಗಮನಿಸಿದರು. ಅತಿಬೊಜ್ಜಿನವರಿಗೆ ಇದೇ ಮದ್ದಾಗಬಾರದೇಕೆ? 1966ರಲ್ಲಿ ಅವರು ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು.

ಚೀಲ ಚಿಕ್ಕದಾದರೆ ತಿನ್ನುವುದೂ ಕಮ್ಮಿ, ಅಷ್ಟೇ ಎಂದು ಬಹುಕಾಲ ತಿಳಿಯಲಾಗಿತ್ತು. ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ ತಂಡ 1995ರಲ್ಲಿ 608 ರೋಗಿಗಳ ವಿವರ ಪ್ರಕಟಿಸಿದಾಗ ಆ ನಂಬಿಕೆ ಅಲುಗಾಡಿತು. ಸಕ್ಕರೆ ಕಾಯಿಲೆಯಿದ್ದವರಲ್ಲಿ ನೂರಕ್ಕೆ 83 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಹಲವರಲ್ಲಿ ಅದೂ ತೂಕ ಹೆಚ್ಚೇನೂ ಇಳಿಯುವ ಮೊದಲೇ.

ಗುಟ್ಟಿರುವುದು ಹಾರ್ಮೋನುಗಳಲ್ಲಿ. ಹಸಿವು ಕೆರಳಿಸುವ ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಎಂಬ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವೂ ಸೇರಿ ಜಠರದ ಮುಕ್ಕಾಲು ಪಾಲು ಹೋಗಿ, ಬಾಳೆಹಣ್ಣಿನಂಥ ಕೊಳವೆಯಷ್ಟೇ ಉಳಿಯುತ್ತದೆ. ಬೈಪಾಸ್‌ನಲ್ಲಿ ಆಹಾರ ಅಡ್ಡದಾರಿ ಹಿಡಿದು ಬೇಗನೆ ಸಣ್ಣ ಕರುಳಿನ ಕೆಳಭಾಗ ತಲುಪುವುದರಿಂದ ಜಿಎಲ್‌ಪಿ-1 ಹಾರ್ಮೋನು ಉಕ್ಕುತ್ತದೆ. ಇನ್ಸುಲಿನ್ ಹೆಚ್ಚುತ್ತದೆ, ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ದಪ್ಪಗಿರುವವರನ್ನು ‘ನಾಲಿಗೆ ಚಪಲ’ ಎಂದು ಜರೆಯುವುದು ಎಂಥ ಅನ್ಯಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈ ಚಿಕಿತ್ಸೆ ಯಾರಿಗೆ? ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 35 ದಾಟಿದವರಿಗೆ ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟುವುದರಿಂದ ಆ ಗೆರೆ 27.5. ಐದೂಕಾಲು ಅಡಿ ಎತ್ತರದವರಿಗೆ ಇದು ಸುಮಾರು 70 ಕಿಲೋ. ಗೆರೆ ದಾಟಿದವರೆಲ್ಲ ಓಡಿಹೋಗಿ ಮೇಜಿನ ಮೇಲೆ ಮಲಗಬೇಕೆಂದಲ್ಲ; ವೈದ್ಯರೊಡನೆ ಕೂತು ಮಾತಾಡಬಹುದು ಎಂದರ್ಥ.

ಶಸ್ತ್ರಚಿಕಿತ್ಸೆಗೆ ಮುಂಚೆ ಎರಡು ವಾರದಷ್ಟು ಕಟ್ಟುನಿಟ್ಟಿನ ಪಥ್ಯವಿರುತ್ತದೆ. ಜಠರದ ಮೇಲೆ ಒರಗಿರುವ, ಕೊಬ್ಬು ತುಂಬಿದ ಯಕೃತ್ತು ಕುಗ್ಗಿದರೆ ವೈದ್ಯರ ಕೈಗೆ ದಾರಿ ಸಲೀಸು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಅಂದೋ ಮಾರನೆಯ ದಿನವೋ ನಡೆಸುತ್ತಾರೆ. ಎರಡು ಮೂರು ದಿನಕ್ಕೆ ಮನೆ. ಆಮೇಲೆ ಜ್ವರ ಬಂದರೆ, ಎದೆಬಡಿತ ಏರಿದರೆ ತಡಮಾಡುವಂತಿಲ್ಲ: ಹೊಲಿಗೆಯಲ್ಲಿ ಸೋರಿಕೆ ಅಪರೂಪ, ಆದರೆ ಜೀವಕ್ಕೇ ಎರವು.

ಮೊದಲ ವಾರಗಳಲ್ಲಿ ಗುಟುಕು ಗುಟುಕಾಗಿ ದ್ರವ, ಆಮೇಲೆ ನುಣ್ಣಗೆ ಮಸೆದದ್ದು, ನಂತರವೇ ಗಟ್ಟಿ ಊಟ. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿಯೇ ಬೆಳೆದ ಹಳೇ ಮೈಸೂರು ಸೀಮೆಯವರಿಗೆ ಇದು ಕಷ್ಟದ ಪಾಠ. ಊಟದ ನಡುವೆ ನೀರಿಲ್ಲ. ಬೈಪಾಸ್ ಆದವರು ಸಿಹಿ ಜಾಸ್ತಿ ತಿಂದರೆ ಬೆವರು, ತಲೆಸುತ್ತು, ಭೇದಿ. ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರಿ ಗಾಬರಿ ಹುಟ್ಟಿಸುತ್ತದೆ. ಪ್ರೋಟೀನು ಸಾಕಷ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಹೆಣ್ಣುಮಕ್ಕಳು ವರ್ಷ, ಒಂದೂವರೆ ವರ್ಷ ಬಸಿರನ್ನು ಮುಂದೂಡಬೇಕು.

1987ರಲ್ಲಿ ಶುರುವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ರೋಗಿಗಳ ತೂಕ ಎರಡು ವರ್ಷಕ್ಕೆ ಸರಾಸರಿ ಶೇಕಡ 23ರಷ್ಟು ಇಳಿದಿತ್ತು. ಕೊಂಚ ಮರಳಿ ಬಂದರೂ 20 ವರ್ಷದ ನಂತರವೂ ಶೇಕಡ 18ರಷ್ಟು ಇಳಿಕೆ ಉಳಿದಿತ್ತು.

ಮೈ ಹಗುರಾದ ಖುಷಿಯಲ್ಲಿ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಮರೆತುಹೋಗುತ್ತವೆ. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕರಗಲು ವರ್ಷಗಳೇ ಹಿಡಿಯುವುದರಿಂದ ಕೊರತೆ ಬೇಗ ಕಾಣುವುದೂ ಇಲ್ಲ. ಪಾದಗಳಲ್ಲಿ ಜೋಮು ಹಿಡಿಯುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರುತ್ತದೆ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆಗೆ ಬನ್ನಿ ಎಂದು ವೈದ್ಯರು ಒತ್ತಾಯಿಸುವುದು ಇದಕ್ಕೇ.